ಪಿಳ್ಳಮ್ಮ ಹೇಳಿದರು

"ಹೂ ಮಾರೋಳಿಗೂ 'ಹೇಳಿದರು' ಅಂತ ಬರೀತಾರಾ?" ಚಿಕ್ಕಬೈರಪ್ಪ ಕೇಳಿದ್ದು ತಿರುಗುತ್ತಿದ್ದ ಫ್ಯಾನಿನ ಕಡೆ ನೋಡುತ್ತ. ಆದರೂ ವರದಿಗಾರ್ತಿ ಸೌಮ್ಯಳ ಕೈ ಕೀಬೋರ್ಡಿನ ಮೇಲೇ ನಿಂತುಹೋಯಿತು. ವಾರ್ಡಿನ ಇಬ್ಬರು ಅಭ್ಯರ್ಥಿಗಳ ಮಾತನ್ನು ಅಕ್ಕಪಕ್ಕ ಬರೆದವಳು ಅವಳೇ. ಒಬ್ಬರು ಯಡಿಯೂರು ಕೆರೆಯ ಬಳಿ ಹೂ ಮಾರುವ ಪಿಳ್ಳಮ್ಮ. ಇನ್ನೊಬ್ಬರು ಈ ಚಿಕ್ಕಬೈರಪ್ಪ. ವಾರಪತ್ರಿಕೆಯ ಕಚೇರಿ ಇದ್ದದ್ದೂ ಅವರ ಕಟ್ಟಡದಲ್ಲೇ.

"ನಮ್ಗೂ 'ಹೇಳಿದರು', ಅವಳ್ಗೂ 'ಹೇಳಿದರು'. ಓದೋರು ಏನಂದ್ಕೊತಾರೆ ಸ್ವಾಮಿ? ಅವಳ್ದು 'ರು' ತೆಗೆದು 'ಳು' ಹಾಕಿ, ಒಂದಕ್ಷರ ತಾನೆ," ಎಂದು ಸಂಪಾದಕ ಚಕ್ರಪಾಣಿಯವರತ್ತ ತಿರುಗಿ ನಕ್ಕರು. "ಬಾಡಿಗೆ ಕರಾರು ಈ ತಿಂಗಳಿಗೆ ಮುಗೀತೈತೆ, ಜ್ಞಾಪಕ ಇದೆ ಅಲ್ವಾ?"

ಚಕ್ರಪಾಣಿ ಎದ್ದು ಬಂದು ಸೌಮ್ಯಳ ಪಕ್ಕ ನಿಂತರು. ದೇವರ ಮುಂದೆ ಪದ್ಯ ಹೇಳುವವರಂತೆ ಇಬ್ಬರ ಮಾತನ್ನೂ ನಿಧಾನವಾಗಿ ಓದಿದರು. ಕೊನೆಯ 'ರು' ಎರಡು ಕಡೆಯೂ ಒಂದೇ ತೂಕದಲ್ಲಿ ಬಿತ್ತು. ಸಂಪಾದಕರು ದನಿ ಏರಿಸಿದ್ದನ್ನು ಸೌಮ್ಯ ಎಂದೂ ಕಂಡಿರಲಿಲ್ಲ. ಈಗಲೂ ಏರಿಸಲಿಲ್ಲ.

"ಇಬ್ರಲ್ಲಿ ಒಬ್ರಿಗೆ ಮಾತ್ರ ಮರ್ಯಾದೆ ಕೊಟ್ರೆ, ಪತ್ರಿಕೆನೇ ನಿಮ್ಮ ಪರವಾಗಿ ಓಟು ಕೇಳಿದ ಹಾಗಾಗುತ್ತೆ ಯಜಮಾನ್ರೆ," ಎಂದರು. "ಕಟ್ಟಡ ನಿಮ್ದು, ಖಾಲಿ ಮಾಡಿ ಅಂದ್ರೆ ಮಾಡ್ತೀವಿ. ಅಕ್ಷರ ಮಾತ್ರ ಬದಲಾಯಿಸಲ್ಲ."