ಮಾರ್ಥಾಳ ತಾಯಿ ಯಾರು?

ಸತ್ತು ನೂರಿಪ್ಪತ್ತು ವರ್ಷವಾದ ಹೆಂಗಸೊಬ್ಬಳ ಹಿಂದೆ ಹೆಂಡತಿ ಬಿದ್ದಿದ್ದಾಳೆಂದು ಸದಾನಂದ ಶೆಟ್ಟರಿಗೆ ಗೊತ್ತಾದದ್ದು ಮಧ್ಯಾಹ್ನ ಊಟಕ್ಕೆ ಬಂದಾಗ. ಸಾರು ತಣ್ಣಗಾಗಿತ್ತು. ಸುಗುಣಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು.

"ಎಂತದು ಮಾರಾಯ್ತಿ ಇದು?"

"ಮಾರ್ಥಾ ಅಂತ. ಅಮೆರಿಕದ ಅಯೋವಾದವಳು. 1848ರಲ್ಲಿ ಹುಟ್ಟಿದ್ದು. ಇವಳ ವಂಶ ಹುಡುಕುವ ಕೆಲಸ ಹಿಡಿದಿದ್ದೇನೆ. ತಾಯಿಯ ಹೆಸರೊಂದು ಸಿಗ್ತಾ ಇಲ್ಲ."

ಶೆಟ್ಟರಿಗೆ ಮೈಯೆಲ್ಲ ಉರಿಯಿತು. ವಡಪಳನಿಯಲ್ಲಿ ಹೋಟೆಲು ನಡೆಸುತ್ತ ಮೂವತ್ತು ವರ್ಷ ಕಳೆದವು. ಇದ್ದೊಬ್ಬ ಮಗ ಪ್ರವೀಣನಿಗೆ ಮೂವತ್ತನಾಲ್ಕಾದರೂ ಮದುವೆಯಿಲ್ಲ. ಅವನೋ, ಪೋರೂರಿನ ಆಫೀಸಿನಿಂದ ದಿನಾ ತಡವಾಗಿ ಬಂದು ಸೀಟಿ ಹಾಕುತ್ತಾ ಮಲಗುತ್ತಾನೆ. ತಾಯಿಗೂ ಚಿಂತೆಯಿಲ್ಲ. ಬಂದ ಹನ್ನೊಂದು ಸಂಬಂಧಗಳನ್ನೂ ಶೆಟ್ಟರೊಬ್ಬರೇ ಅಳೆದು ತೂಗಿ ವಾಪಸು ಕಳಿಸಬೇಕಾಯಿತು. ಅವರದು ಅಳಿಯಕಟ್ಟು, ವಂಶ ಎಣಿಸುವುದು ತಾಯಿಯ ಕಡೆಯಿಂದ. ಹುಡುಗಿಯಿಂದ ಹಿಡಿದು ಏಳು ತಲೆಮಾರಿನ ಹೆಂಗಸರ ಹೆಸರು ಹೇಳಿ ಎಂದರೆ ಈಗಿನವರು ಅಜ್ಜಿಯ ಹೆಸರಿಗೇ ತಡವರಿಸುತ್ತಾರೆ.

"ಬದುಕಿರುವವರ ವಂಶ ಹುಡುಕು ಮೊದಲು" ಎಂದು ಗೊಣಗಿ ಊಟಕ್ಕೆ ಕೂತರು. ಕಣ್ಣು ಮಾತ್ರ ಪರದೆಯ ಮೇಲೆಯೇ ಇತ್ತು.

ಮರುದಿನ ಹೋಟೆಲಿನ ಗಲ್ಲಾಪೆಟ್ಟಿಗೆ ಮ್ಯಾನೇಜರಿಗೆ ಬಿಟ್ಟು ಅರ್ಧ ಗಂಟೆ ಮುಂಚೆ ಮನೆಗೆ ಬಂದರು. ಮೂರನೆಯ ದಿನ ಹೋಟೆಲಿಗೆ ಹೋಗಲೇ ಇಲ್ಲ. ಗಂಡ ಹೆಂಡತಿ ಸೇರಿ ಹಳೆಯ ಜನಗಣತಿ, ಚರ್ಚಿನ ಕಡತ, ಪಾಚಿ ಹಿಡಿದ ಗೋರಿಕಲ್ಲುಗಳ ಫೋಟೋ ಎಲ್ಲ ಜಾಲಾಡಿದರು. ಮಾರ್ಥಾ ನಲವತ್ತು ಮಂದಿ ರೈಲ್ವೆ ಕೂಲಿಗಳಿಗೆ ಊಟ ಹಾಕುವ ಖಾನಾವಳಿ ನಡೆಸಿದ್ದಳಂತೆ. ಅದನ್ನು ಓದಿ ಶೆಟ್ಟರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮವಳೇ" ಎಂದರು. "ಅಲ್ಲ, ಅಪ್ಪಂದಿರನ್ನು ಯಾಕೆ ಬಿಟ್ಟೆ?"

"ಈ ಪಟ್ಟಿ ಕೇಳಿದವರಿಗೆ ತಾಯಿ ಕಡೆ ಮಾತ್ರ ಸಾಕಂತೆ."

"ಬುದ್ಧಿವಂತರು" ಎಂದು ಶೆಟ್ಟರು ತಲೆದೂಗಿದರು.

ಕೊನೆಗೆ ದಾರಿ ಹೊಳೆದದ್ದೂ ಅವರಿಗೇ. ನಾವು ಹುಟ್ಟಿದ ಗಳಿಗೆಯನ್ನು ಪಂಚಾಂಗದ ಅಂಚಿನಲ್ಲಿ ಗೀಚಿಡುವುದಿಲ್ಲವೇ? ಅವರು ಬೈಬಲಿನಲ್ಲಿ ಬರೆದಿಟ್ಟಿರಬೇಕು. ಭಾನುವಾರ ಸಂಜೆ ಸಿಕ್ಕೇಬಿಟ್ಟಿತು. ಮಾರ್ಥಾಳ ಮನೆಯ ಬೈಬಲಿನ ಮೊದಲ ಹಾಳೆಯ ಫೋಟೋದಲ್ಲಿ, ಮಾಸಿದ ಶಾಯಿಯಲ್ಲಿ: ಮಾರ್ಥಾ, ಲಿಡಿಯಾಳ ಮಗಳು.

ಶೆಟ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಂಥ ಮನೆತನದ ಹೆಣ್ಣೊಂದು ನಮ್ಮ ಪ್ರವೀಣನಿಗೆ ಸಿಕ್ಕಿದ್ದರೆ ನಾನು ಎರಡು ಮಾತಾಡುತ್ತಿರಲಿಲ್ಲ. ಅದಿರಲಿ, ಈ ಪಟ್ಟಿ ಕೇಳಿದವರು ಯಾರು ಅಂತ ನೀನು ಹೇಳಲೇ ಇಲ್ಲ."

ಸುಗುಣಾ ಮಗನಿಗೆ ಫೋನು ಮಾಡಿ "ಈಗ ಮೇಲೆ ಬನ್ನಿ" ಎಂದಷ್ಟೇ ಹೇಳಿ ಇಟ್ಟಳು.

"ನೀವೇ" ಎಂದಳು. "ಲಿಡಿಯಾ ಏಳನೆಯವಳು. ಮೊದಲನೆಯವಳು ಪ್ರವೀಣನ ಜೊತೆ ಲಿಫ್ಟಿನಲ್ಲಿ ಬರ್ತಾ ಇದ್ದಾಳೆ."