ಕುರ್ಚಿಯ ಹಿಂದೆ ನಿಂತವನು

ಹಳೆಯ ಫೋಟೊದಲ್ಲಿರುವವರನ್ನು ಅವರ ಸ್ವಂತ ಹೆಸರು ಹಿಡಿದು ಕರೆದರೆ ಕಣ್ಣು ಮಿಟುಕಿಸುತ್ತಾರೆ. ಆಸ್ತಿಯ ತಕರಾರಿಗೆ ಕಚೇರಿಯಲ್ಲಿ ಅದೇ ಸಾಕ್ಷಿ. ನೋಡಿ ಹೇಳುವ ಕೆಲಸ ಮುದುಕಿ ಕಲ್ಲವ್ವನದು.

ಕುರ್ಚಿಯಲ್ಲಿ ಕೂತ ರುಮಾಲಿನವನೇ ತನ್ನ ಮುತ್ತಜ್ಜ, ಅವನ ದೊಡ್ಡ ವಾಡೆ ಮನೆ ತನಗೆ ಸೇರಬೇಕು ಎಂದು ಈರಣಗೌಡ ಬಂದಿದ್ದ. ಅವನ ಹೆಬ್ಬೆರಳು ಫೋಟೊದ ಅಂಚನ್ನು ಮುಚ್ಚಿದ್ದು ಕಲ್ಲವ್ವನಿಗೆ ಸರಿಕಾಣಲಿಲ್ಲ.

"ಕರೀರಿ ಗೌಡ್ರ."

"ಮುತ್ತಜ್ಜಾ, ಚನಮಲ್ಲಪ್ಪಾ."

ರುಮಾಲಿನವನ ರೆಪ್ಪೆ ಅಲುಗಲಿಲ್ಲ.

"ಮುದುಕಾಗ್ಯಾನ, ಕಿವಿ ಕೇಳಂಗಿಲ್ಲ" ಎಂದ ಈರಣಗೌಡ.

"ಬಟ್ಟು ತಗದು ಇನ್ನೊಮ್ಮಿ ಕರೀರಿ."

ಅವನು ಒಲ್ಲದ ಮನಸ್ಸಿನಿಂದ ಹೆಬ್ಬೆರಳು ಸರಿಸಿ ಕರೆದ. ಕುರ್ಚಿಯ ಹಿಂದೆ, ಫೋಟೊದ ಅಂಚಿನಲ್ಲಿ, ಬರಿಗಾಲಲ್ಲಿ ಕೊಡೆ ಹಿಡಿದು ನಿಂತಿದ್ದ ಆಳು ಕಣ್ಣು ಮಿಟುಕಿಸಿದ.

"ಕಿವಿ ಛಲೋ ಅದಾವ ನಿಮ್ಮ ಮುತ್ತಜ್ಜನ್ವು" ಎಂದಳು ಕಲ್ಲವ್ವ. "ಅಷ್ಟು ವರ್ಷದಿಂದ ನಿಂತಾನ. ಕೈ ಮುಗೀರಿ."