ಹುಲ್ಲಿನ ಔಷಧಿ

“ಕಣ್ಣನ್ನ ಅಂಗಡಿ ಕನ್ನಡೀಲಿ ಬಿಟ್ಟು ಬಂದಿದ್ರಾ? ಡಬ್ಬದ ಮೇಲೆ ಇಷ್ಟು ದಪ್ಪಕ್ಕೆ ಬರೆದಿದ್ದೀನಿ, ಹುಲ್ಲಿನ ಔಷಧಿ ಅಂತ!”

“ಅದನ್ನ ಓದೇ ಹೊಡೆದಿದ್ದು ಕಣೇ. ಬೇವಿನ ಎಣ್ಣೆ ಅಂದ್ರೆ ಬೇವಿಂದ ಮಾಡಿದ್ದು. ಹುಲ್ಲಿನ ಔಷಧಿ ಅಂದ್ರೆ ಹುಲ್ಲಿಂದ ಮಾಡಿದ್ದು ಅಂದ್ಕೊಂಡೆ. ನಿನ್ನ ಗುಲಾಬಿಗೆ ಒಳ್ಳೇದಾಗ್ಲಿ ಅಂತ...”

“ಹಾಗಾದ್ರೆ ಕೆಮ್ಮಿನ ಔಷಧೀನ ಕೆಮ್ಮಿಂದ ಮಾಡ್ತಾರಾ?”

ಕ್ಷೌರಿಕ ಗಂಡ ಡಬ್ಬ ತಿರುಗಿಸಿ ಇನ್ನೊಮ್ಮೆ ಓದಿದ. ಅವನ ಕೈಯಲ್ಲಿದ್ದ ಪಂಪು ಇನ್ನೂ ತೊಟ್ಟಿಕ್ಕುತ್ತಿತ್ತು. ಹುಲ್ಲು ಸಾಯಿಸುವ ವಿಷ ನಲವತ್ತೊಂದು ಗುಲಾಬಿ ಗಿಡಗಳ ಎಲೆ ಎಲೆಯ ಮೇಲೂ ಹೊಳೆಯುತ್ತಿತ್ತು. ಕೂಗಾಟ ಕೇಳಿ ಪಕ್ಕದ ಸಿಮೆಂಟ್ ಅಂಗಡಿಯಿಂದ ಅವಳ ಅಣ್ಣ ಗೋಡೆಯ ಮೇಲೆ ಕತ್ತು ಚಾಚಿದ.

“ಆಯ್ತಲ್ಲ ತಂಗಿ! ಅಪ್ಪ ಹೇಳಿದ್ದು ನೆನಪಿದೆ ತಾನೇ? ಗಿಡ ಇರೋವರೆಗೂ ಹಿತ್ತಲು ನಿಂದು. ಗಿಡ ಹೋದ್ರೆ ನನ್ನ ಗೋಡೌನಿಗೆ. ಮೂರು ವಾರದಲ್ಲಿ ಪೂರ್ತಿ ಒಣಗುತ್ತೆ, ಆಗ ಬರ್ತೀನಿ, ಎಲ್ಲಾ ನಾನೇ ಕಿತ್ತು ಗುಡಿಸ್ತೀನಿ.”

“ಗಿಡ ಇನ್ನೂ ಹಸಿರಾಗೇ ಇದೆ ಕಣಣ್ಣ.”

“ಹೆಣಾನೂ ಸ್ವಲ್ಪ ಹೊತ್ತು ಬೆಚ್ಚಗೇ ಇರುತ್ತೆ ಬಿಡು.”

ಆ ಮಾತಿಗೆ ಅವಳ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಗಂಡನ ಕಡೆ ತಿರುಗಿದಳು. “ರೀ, ಹೊಡೆದು ಎಷ್ಟು ಹೊತ್ತಾಯ್ತು?” “ಹತ್ತು ನಿಮಿಷ.” “ಬೇರಿಗೆ ಇಳಿಯೋಕೆ ಇನ್ನೂ ಹೊತ್ತಿದೆ. ನಲ್ಲಿಗೆ ಪೈಪು ಹಾಕಿ. ಅಂಗಡಿಯಲ್ಲಿರೋ ಶಾಂಪೂ, ಕತ್ತರಿ ಎಲ್ಲಾ ತನ್ನಿ. ಇವತ್ತು ನಿಮ್ಮ ಗಿರಾಕಿಗಳು ಇವೇ!”

ಇಬ್ಬರೂ ಟೊಂಕ ಕಟ್ಟಿ ನಿಂತರು. ಅವಳು ಒಂದೊಂದು ಎಲೆಯನ್ನೂ ಮಗುವಿನ ಕಿವಿ ತೊಳೆಯುವಂತೆ ಹಿಂದೆ ಮುಂದೆ ನೊರೆ ಹಚ್ಚಿ ತೊಳೆದಳು. ಅವನು ಪೈಪು ಹಿಡಿದು ನೀರು ಬಿಟ್ಟ. ತೊಳೆದಾದ ಮೇಲೆ, ಉಳಿದ ವಿಷ ಬೇರಿಗೆ ಇಳಿಯದ ಹಾಗೆ, ಎಲೆ, ಮೊಗ್ಗು, ಎಳೆ ಟೊಂಗೆ ಒಂದನ್ನೂ ಬಿಡದೆ ಕತ್ತರಿಸಿ ಹಾಕಿದ. ಮುಳ್ಳು ಚುಚ್ಚಿ ನಾಲ್ಕೂ ಕೈ ರಕ್ತವಾದವು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ಹಿಂಬಾಗಿಲಿನಿಂದ ಇಣುಕಿ, “ಇನ್ನರ್ಧ ಯಾವಾಗಪ್ಪಾ?” ಅಂದ. “ಇವನ್ನೆಲ್ಲ ಮುಗಿಸಿ ಬರ್ತೀನಿ, ಕೂತ್ಕೊಳ್ಳಿ” ಎಂದು ಗಂಡ ತಲೆ ಎತ್ತದೆ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಹಿತ್ತಲಲ್ಲಿ ಉಳಿದದ್ದು ನಲವತ್ತೊಂದು ಬೋಳು ಕಡ್ಡಿಗಳು. ಒಂದು ವಾರ ಕಳೆಯಿತು, ಎರಡು ಕಳೆಯಿತು. ಕಡ್ಡಿ ಕಡ್ಡಿಯಾಗಿಯೇ ನಿಂತಿತ್ತು. ಅವಳು ದಿನವೂ ಉಗುರಿನಿಂದ ತೊಗಟೆ ಕೆರೆದು ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದಳು. ಗಂಡ ಅವಳ ಹೆಗಲ ಮೇಲಿಂದ ಇಣುಕಿ ನೋಡಿ ಅಂಗಡಿಗೆ ಹೋಗುತ್ತಿದ್ದ.

ಮೂರು ವಾರ ತುಂಬಿದ ಬೆಳಿಗ್ಗೆ ಅಣ್ಣ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಬಂದ. ಅಷ್ಟು ಹೊತ್ತಿಗೆ ಕಡ್ಡಿಗಳ ಮೈತುಂಬ ಬೆಂಕಿಕಡ್ಡಿಯ ಮದ್ದಿನಷ್ಟೇ ಸಣ್ಣ ಕೆಂಪು ಚಿಗುರು ಒಡೆದಿತ್ತು.

“ಒಂದೆರಡು ಕಣ್ಣು ಬಿಟ್ಟ ಮಾತ್ರಕ್ಕೆ ತೋಟ ಆಗ್ಬಿಡ್ತಾ?” ಎಂದ ಅಣ್ಣ.

“ಎಣಿಸಣ್ಣ. ನಾಲ್ಕು ಮನೆಗೆ ಕೇಳೋ ಹಾಗೆ ಎಣಿಸು.”

ಎಣಿಸಿದ. ಹತ್ತರವರೆಗೆ ದನಿ ಜೋರಾಗಿತ್ತು. ಇಪ್ಪತ್ತಕ್ಕೆ ಮೆತ್ತಗಾಯಿತು. ಮೂವತ್ತೆಂಟಕ್ಕೆ ಬರಿಯ ತುಟಿ ಅಲ್ಲಾಡಿತು. ಥಟ್ಟನೆ ಮುಖ ಅರಳಿತು. “ಮೂರು ಸತ್ತಿವೆ! ನೋಡು, ಮೂರು!”

“ಹೂಂ, ಸತ್ತಿವೆ. ಆ ಮೂರು ಬುಡ ನಿಂದೇ, ತಗೋ. ಒಂದೊಂದರಲ್ಲಿ ಒಂದೊಂದು ಸಿಮೆಂಟ್ ಮೂಟೆ ನಿಲ್ಲಿಸ್ಕೋ. ಮುಳ್ಳಿದೆ, ಪಂಚೆ ಜೋಪಾನ.”

ಗಂಡ ತಡೆಯಲಾರದೆ ಕಿಸಕ್ಕನೆ ನಕ್ಕ. ಅಣ್ಣನ ಮುಖ ಕಪ್ಪಿಟ್ಟಿತು. ಗುದ್ದಲಿಯನ್ನು ಅಲ್ಲೇ ಎಸೆದು, ಗೇಟು ದಡಾರನೆ ಬಡಿದು ಹೋದ. ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಗುದ್ದಲಿಗೂ ಬರಲಿಲ್ಲ.

ಮರುದಿನ ಹೊಸ ಗಿಡ ನೆಡಲು ಅವಳು ಆ ಗುದ್ದಲಿಯಿಂದಲೇ ಮೂರು ಗುಂಡಿ ತೋಡಿದಳು. ಕೆಲಸ ಬೇಗ ಮುಗಿಯಿತು. ಅಣ್ಣ ಅದನ್ನು ಚೆನ್ನಾಗಿ ಮಸೆದು ತಂದಿದ್ದ.